ಬೆಚ್ಚಗಿನ ಕೈಯ ಬ್ಲಾಜೆನಾ

ಸೂಜಿ ಚುಚ್ಚುವ ಮೊದಲು ಬ್ಲಾಜೆನಾ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದಳು. ಚಳಿಗಾಲವಿರಲಿ, ಬೇಸಿಗೆಯಿರಲಿ, ಅದು ತಪ್ಪುತ್ತಿರಲಿಲ್ಲ. ನೋಡಿದವರಿಗೆ ಯಾರೊಂದಿಗೋ ಜಗಳಕ್ಕೆ ನಿಂತ ಹಾಗೆ ಕಾಣುತ್ತಿತ್ತು. ಆರು ವರ್ಷದವಳಿದ್ದಾಗ ಎದೆಯಲ್ಲಿ ಕಫ ಕಟ್ಟಿ ಅವಳಿಗೆ ಹದಿನಾಲ್ಕು ದಿನ ಪೆನಿಸಿಲಿನ್ ಕೊಡಿಸಿದ್ದರಂತೆ. ಅವರ ಹಳ್ಳಿಗೆ ಬರುತ್ತಿದ್ದ ನರ್ಸ್ ಹಿಮದಲ್ಲಿ ಸೈಕಲ್ ತುಳಿದುಕೊಂಡು ಬಂದವಳು, ಕೋಟು ಕೂಡ ಬಿಚ್ಚದೆ, ಮರಗಟ್ಟಿದ ಬೆರಳುಗಳಿಂದ ಮಗುವನ್ನು ಅದುಮಿ ಹಿಡಿದು ಚುಚ್ಚಿ ಹೋಗುತ್ತಿದ್ದಳು.

"ಸೂಜಿ ಮರ್ತೋಗಿದೆ ಕಣೇ ಸ್ಲಾವ್ಕಾ, ಆ ಕೈ ಮಾತ್ರ ಮರ್ತಿಲ್ಲ" ಎಂದು ನನಗೆ ಹತ್ತಾರು ಸಲ ಹೇಳಿದ್ದಾಳೆ. ತಾನು ದೊಡ್ಡವಳಾಗಿ ನರ್ಸ್ ಆದರೆ ಯಾರನ್ನೂ ತಣ್ಣನೆಯ ಕೈಯಿಂದ ಮುಟ್ಟುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದಳು. ಐವತ್ತಾರನೇ ವಯಸ್ಸಿನವರೆಗೂ ಅದನ್ನು ನಡೆಸಿದಳು. ಅದೇ ಒಳ್ಳೆಯತನ ಒಬ್ಬನ ಪ್ರಾಣಕ್ಕೆ ಸಂಚಕಾರ ತಂದದ್ದು ಹೇಗೆಂದು ಈಗ ಹೇಳುತ್ತೇನೆ. ಅದರಲ್ಲಿ ನನ್ನದೂ ಒಂದು ಪಾಲಿದೆ. ಅದನ್ನೂ ಹೇಳುತ್ತೇನೆ.

ನಾನು ಬ್ರನೋ ನಗರದ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೇಳು ವರ್ಷದಿಂದ ಔಷಧ ಕಲಸುವವಳು. ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಪುಡಿಗೆ ನೀರು ಬೆರೆಸಿ, ಸಿರಿಂಜ್‌ಗೆ ತುಂಬಿ, ಲೇಬಲ್ ಅಂಟಿಸಿ ಮೇಲಕ್ಕೆ ಕಳಿಸುತ್ತೇನೆ. ನನಗೆ ಜನ ಅಷ್ಟಾಗಿ ಆಗಿಬರುವುದಿಲ್ಲ. ಬಾಟಲಿಗಳು ವಾಸಿ, ಪ್ರಶ್ನೆ ಕೇಳುವುದಿಲ್ಲ. ಬ್ಲಾಜೆನಾ ಮೂರನೇ ಮಹಡಿಯ ರಕ್ತರೋಗ ವಿಭಾಗದ ನರ್ಸ್. ಅವಳಿಗೆ ಜನ ಬಿಟ್ಟರೆ ಬೇರೇನೂ ಇರಲಿಲ್ಲ. "ನೀನು ಮನೆಗೆ ಬರೋದು ಬಟ್ಟೆ ಬದಲಾಯಿಸೋಕೆ ಮಾತ್ರ" ಎಂದು ಗಂಡ ಬಿಟ್ಟುಹೋಗಿ ಹದಿನೈದು ವರ್ಷವಾಗಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ಅವಳೇ ನಗುತ್ತಿದ್ದಳು. ಮಧ್ಯಾಹ್ನ ಸೂಪು ಕುಡಿಯಲು ಕೆಳಗೆ ನನ್ನ ಹತ್ತಿರ ಬರುತ್ತಿದ್ದಳು. ನಾನು ಬೈಯುವುದು, ಅವಳು ನಗುವುದು, ನಮ್ಮ ಸ್ನೇಹ ನಡೆದಿದ್ದೇ ಹಾಗೆ.

ಆ ವರ್ಷ ಆಸ್ಪತ್ರೆಯವರು ಹೊಸದೊಂದು ವ್ಯವಸ್ಥೆ ಮಾಡಿದರು. ಅಸ್ಥಿಮಜ್ಜೆಯ ಕಾಯಿಲೆಯವರಲ್ಲಿ ದೂರದ ಹಳ್ಳಿಗಳ ಆರು ಮಂದಿಗೆ ಮನೆಯಲ್ಲೇ ಇಂಜೆಕ್ಷನ್ ಕೊಡುವುದು. ಈ ಕಾಯಿಲೆಯಲ್ಲಿ ರಕ್ತ ಹುಟ್ಟುವ ಮಜ್ಜೆಯಲ್ಲಿ ಕಣಗಳು ಹುಟ್ಟುತ್ತವೆ, ಬೆಳೆಯುವುದಿಲ್ಲ. ಎಳೆಯವಾಗಿಯೇ ಗುಂಪು ಕಟ್ಟುತ್ತವೆ. ನೂರಕ್ಕೆ ಇಪ್ಪತ್ತು ಎಳೆ ಕಣಗಳಾದರೆ ಅದು ರಕ್ತದ ಕ್ಯಾನ್ಸರಿಗೆ ತಿರುಗಿತೆಂದೇ ಲೆಕ್ಕ. ಅಲ್ಲಿಂದ ಮುಂದೆ ಮುದುಕರಿಗೆ ಹೆಚ್ಚು ದಿನ ಉಳಿಯುವುದಿಲ್ಲ.

ಡಿಎನ್‌ಎ ತಿರುಚಿದ ಏಣಿಯ ಹಾಗಿದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದರ ಮೆಟ್ಟಿಲುಗಳಲ್ಲಿ ನಾಲ್ಕೇ ಅಕ್ಷರ. ಅಕ್ಷರ ಕೆಟ್ಟರೆ ಮಾತ್ರ ರೋಗ ಎಂದು ನಾನು ಓದುವಾಗ ಕಲಿಸಿದ್ದರು. ಅಷ್ಟೇ ಅಲ್ಲ ಎಂದು ಆಮೇಲೆ ತಿಳಿಯಿತು. ಅಕ್ಷರಗಳು ಸರಿಯಾಗಿದ್ದರೂ ಜೀವಕೋಶ ಅವುಗಳ ಮೇಲೆ ಸಣ್ಣ ಸಣ್ಣ ಮುದ್ರೆ ಒತ್ತುತ್ತದೆ, ಮುದ್ರೆ ಬಿದ್ದ ಕಡೆ ಓದಲಾಗುವುದಿಲ್ಲ. ನನ್ನ ಅಜ್ಜಿ ಕೆಲವು ಜಾಡಿಗಳಿಗೆ ಮೇಣ ಬಳಿದು ಮುಚ್ಚಿಡುತ್ತಿದ್ದಳು. ಒಳಗೆ ಜಾಮ್ ಇದ್ದೇ ಇರುತ್ತಿತ್ತು, ನಮಗೆ ಸಿಗುತ್ತಿರಲಿಲ್ಲ. ಹಾಗೆ. 'ಬೆಳೆದು ದೊಡ್ಡದಾಗು' ಎನ್ನುವ ಜೀನ್‌ಗಳ ಮೇಲೆ ಬೇಡದ ಮುದ್ರೆ ಬಿದ್ದರೆ ಕಣ ಎಳೆಯದಾಗಿಯೇ ಉಳಿಯುತ್ತದೆ. ನಾನು ಕಲಸುವ ಬಿಳಿ ಪುಡಿ ಒಂದು ಅಕ್ಷರದ ವೇಷ ಹಾಕಿಕೊಂಡು ಏಣಿಯೊಳಗೆ ಸೇರಿಕೊಂಡು, ಮುದ್ರೆ ಒತ್ತುವ ಕೈಯನ್ನೇ ಹಿಡಿದು ಕೂರಿಸುತ್ತದೆ. ಕಣ ಒಡೆದು ಎರಡಾದಾಗಲೆಲ್ಲ ಮುದ್ರೆ ಕಡಿಮೆಯಾಗುತ್ತ ಹೋಗುತ್ತದೆ. ಅದಕ್ಕೆ ಔಷಧದ ನಾಲ್ಕು ಸುತ್ತು, ಆರು ಸುತ್ತು ಬೇಕು, ಒಂದು ಸುತ್ತೆಂದರೆ ದಿನಕ್ಕೊಮ್ಮೆಯಂತೆ ಏಳು ದಿನ, ತಿಂಗಳಿಗೊಂದು ಸುತ್ತು. ಈ ಪುಡಿಯನ್ನು ಮೊದಲು ಮಾಡಿದ್ದು ನಮ್ಮ ಪ್ರಾಗ್‌ನಲ್ಲೇ, ಅರವತ್ತರ ದಶಕದಲ್ಲಿ. ಆಗ ಅದನ್ನು ಕಣಗಳನ್ನು ಕೊಲ್ಲುವ ವಿಷವೆಂದೇ ಹೆಚ್ಚು ಹೆಚ್ಚು ಕೊಡುತ್ತಿದ್ದರು. ಕಡಿಮೆ ಕೊಟ್ಟರೆ ಅದು ಮುದ್ರೆ ಬಿಡಿಸುತ್ತದೆ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಅದಕ್ಕೊಂದು ದೊಡ್ಡ ದೋಷವಿದೆ. ನೀರು ತಾಗಿದ ಗಳಿಗೆಯಿಂದ ಅದು ಸಾಯಲು ಶುರುಮಾಡುತ್ತದೆ. ಫ್ರಿಜ್‌ನಲ್ಲಿಟ್ಟರೆ ಎಂಟು ಗಂಟೆ ತಡೆಯುತ್ತದೆ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆ, ಅಷ್ಟೆ. ಬಿಸಿ ತಾಗಿದರಂತೂ ಕೇಳುವುದೇ ಬೇಡ.

ಆ ಆರು ಮಂದಿಯಲ್ಲಿ ಬುಕೊವಿನಾ ಹಳ್ಳಿಯ ಹಿನೆಕ್ ಸ್ಲೆಜಾಕ್ ಒಬ್ಬ. ಅರವತ್ತೆಂಟು ವರ್ಷ, ಒಲೆ ಕಟ್ಟುವ ಕಸುಬಿನವನು. ನಮ್ಮಲ್ಲಿ ಮನೆಯ ನಡುವೆ ಹೆಂಚು ಹೊದಿಸಿದ ದೊಡ್ಡ ಒಲೆ ಇರುತ್ತದಲ್ಲ, ಸುತ್ತ ಕೂರಲು ಕಟ್ಟೆ, ಮೇಲೆ ಬ್ರೆಡ್ಡಿನ ಹಿಟ್ಟು ಉಬ್ಬಲು ಇಡುವ ಅಂಚು, ಅಂಥವನ್ನು ಆ ಸೀಮೆಯಲ್ಲಿ ಮುನ್ನೂರು ಕಟ್ಟಿದ್ದ. ತನ್ನ ಮನೆಯದಂತೂ ಅರಮನೆಗೆ ಆಗುವಂಥದ್ದು, ಹಸಿರು ಹೆಂಚಿನದು. ಹದಿನೈದು ದಿನಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳದಿದ್ದರೆ ಮೆಟ್ಟಿಲು ಹತ್ತಲಾಗದ ಸ್ಥಿತಿಯಲ್ಲೂ ಬಾಯಿ ಮಾತ್ರ ಬತ್ತಿರಲಿಲ್ಲ. ಹೆಂಡತಿ ಒತೀಲಿಯಾ ಮಾತು ಕಡಿಮೆ, ಕೈ ಸುಮ್ಮನಿರದ ಹೆಂಗಸು.

ವ್ಯವಸ್ಥೆ ಹೀಗಿತ್ತು. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ನಾನು ಕಲಸಿ ಮುಗಿಸುತ್ತೇನೆ. ಡ್ರೈವರ್ ತಂಪು ಪೆಟ್ಟಿಗೆಯಲ್ಲಿ ಒಯ್ದು ಎಂಟೂವರೆಗೆ ಒತೀಲಿಯಾಳ ಕೈಗೆ ಕೊಟ್ಟು ಮುಂದಿನ ಹಳ್ಳಿಗೆ ಹೋಗುತ್ತಾನೆ. ಅವಳು ಅದನ್ನು ಫ್ರಿಜ್‌ನಲ್ಲಿಡುತ್ತಾಳೆ. ಬ್ಲಾಜೆನಾ ಬೇರೊಂದು ಮನೆ ಮುಗಿಸಿ ಬಸ್ ಹಿಡಿದು ಹನ್ನೊಂದಕ್ಕೆ ಬಂದು ಚುಚ್ಚುತ್ತಾಳೆ.

ಸೆಪ್ಟೆಂಬರ್ ಕೊನೆಯಲ್ಲಿ ಮೊದಲ ಸುತ್ತು. ಮೊದಲೆರಡು ದಿನ ಫ್ರಿಜ್‌ನಿಂದ ತೆಗೆದ ಔಷಧ ಹೊಟ್ಟೆಯ ಚರ್ಮದೊಳಗೆ ಹೋದಾಗ ಹಿನೆಕ್ ಮನೆ ಹಾರಿಹೋಗುವ ಹಾಗೆ ಕೂಗಿದನಂತೆ.

"ಸಿಸ್ಟರಮ್ಮ, ಇದೇನು ಔಷಧಾನೋ, ಹೊಟ್ಟೆಗೆ ಮಂಜುಗಡ್ಡೆ ಮೊಳೆ ಹೊಡೀತಿದ್ದೀರೋ? ನಿಮ್ಮ ಕೈ ನೋಡಿದ್ರೆ ಬನ್ನಿನ ಹಾಗಿದೆ, ಸೂಜಿ ನೋಡಿದ್ರೆ ಸೈಬೀರಿಯಾ!"

ಬ್ಲಾಜೆನಾಳಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಹೊರಡುವಾಗ ಒತೀಲಿಯಾಗೆ ಬಾಗಿಲಲ್ಲಿ ಹೇಳಿದಳು: "ನಾಳೆ ನಾನು ಬರೋ ಮುಂಚೆ ಅದನ್ನ ಹೊರಗೆ ತೆಗೆದಿಟ್ಟಿರಿ. ತಣ್ಣಗಿದ್ರೆ ಪಾಪ ನೋಯುತ್ತೆ."

ಅಷ್ಟೇ ಹೇಳಿದ್ದು. ಅರ್ಧ ಗಂಟೆ ಮುಂಚೆ ಎಂದು ಹೇಳಲಿಲ್ಲ.

ಮೂರನೇ ದಿನದಿಂದ ಹಿನೆಕ್ ಕೂಗಲಿಲ್ಲ. ಹೂವಿನ ಚಿತ್ರವಿದ್ದ ತಟ್ಟೆಯ ಮೇಲೆ ಕರವಸ್ತ್ರ ಹಾಸಿ, ಒತೀಲಿಯಾ ಎರಡು ಸಿರಿಂಜ್‌ಗಳನ್ನು ತಂದಿಡುತ್ತಿದ್ದಳು. ಹಿಡಿದರೆ ಅಂಗೈಯಷ್ಟೇ ಬಿಸಿ. ಬ್ಲಾಜೆನಾ ಲೇಬಲ್ ನೋಡುತ್ತಿದ್ದಳು. 'ತಯಾರಿಸಿದ್ದು 7.20, ಬಳಸಬೇಕಾದ್ದು 15.20ರೊಳಗೆ.' ಗಡಿಯಾರದಲ್ಲಿ ಹನ್ನೊಂದು. ಎಲ್ಲ ಸರಿ. ಉಳಿದ ಐವರ ಹೊಟ್ಟೆಯ ಮೇಲೆ ಚುಚ್ಚಿದಲ್ಲೆಲ್ಲ ಕೆಂಪು ಗಾಯದಂತೆ ಏಳುತ್ತಿತ್ತು. ಹಿನೆಕ್‌ನ ಹೊಟ್ಟೆ ಮಗುವಿನದರ ಹಾಗೆ ನುಣ್ಣಗಿತ್ತು. ಅವಳು ನನ್ನ ಹತ್ತಿರ ಬಂದು ಜಂಬ ಕೊಚ್ಚಿಕೊಂಡಿದ್ದೂ ಉಂಟು. "ನೋಡೇ, ಬಿಸಿ ಮಾಡಿ ಚುಚ್ಚಿದ್ರೆ ಹೇಗಿರುತ್ತೆ!" ನಾನು ಸೂಪು ಕುಡಿಯುತ್ತಿದ್ದೆ. 'ಬಿಸಿ' ಎಂಬ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇಪ್ಪತ್ತೇಳು ವರ್ಷದ ಅನುಭವಕ್ಕೆ ಬೆಂಕಿ ಬೀಳಲಿ!

ಡಿಸೆಂಬರ್ ಹೊತ್ತಿಗೆ ಉಳಿದ ಐವರಲ್ಲಿ ಮೂವರ ರಕ್ತ ಸುಧಾರಿಸತೊಡಗಿತು. ಹಿನೆಕ್‌ನದು ಇಳಿಯುತ್ತಲೇ ಹೋಯಿತು. ಫೆಬ್ರವರಿ ಕೊನೆಯಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಎಂಟಿದ್ದ ಎಳೆ ಕಣ ಹದಿನಾಲ್ಕಾಗಿತ್ತು. ಮಾರ್ಚ್‌ನಲ್ಲಿ ಆರನೇ ಸುತ್ತು ನಡೆಯುತ್ತಿದ್ದಾಗಲೇ, ಬರುವ ಗುರುವಾರ ಹನ್ನೊಂದಕ್ಕೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಬರಬೇಕೆಂದು ವಿಭಾಗದ ಮುಖ್ಯಸ್ಥ ಡಾಕ್ಟರ್ ತುಚೆಕ್ ಕಾಗದ ಕಳಿಸಿದರು. ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಔಷಧ ಹತ್ತಲಿಲ್ಲ, ನಿಲ್ಲಿಸುತ್ತೇವೆ, ಆದಷ್ಟು ದಿನ ರಕ್ತ ಹಾಕುತ್ತೇವೆ. ಅಂದರೆ ನಮ್ಮಲ್ಲಿ ಜೂನ್‌ಗೆ ಬರುವ ಬೇಸಿಗೆ ನೋಡಿದರೆ ಪುಣ್ಯ.

ಬುಧವಾರ ಬ್ಲಾಜೆನಾಳ ಮೊದಲ ಮನೆಯ ರೋಗಿಯನ್ನು ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರು. ಹಾಗಾಗಿ ಅವಳು ನೇರವಾಗಿ ಬುಕೊವಿನಾಕ್ಕೆ ಹೋಗಿ ಒಂಬತ್ತಕ್ಕೇ ಬಾಗಿಲು ತಟ್ಟಿದಳು. ಕಾಯಿಲೆ ಬಂದಾಗಿನಿಂದ ಹತ್ತೂವರೆಗೆ ಮೊದಲು ಏಳದ ಹಿನೆಕ್ ಇನ್ನೂ ಒಳಕೋಣೆಯಲ್ಲಿ ಮಲಗಿದ್ದ. ಒತೀಲಿಯಾಳ ಕೈಯೆಲ್ಲ ಹಿಟ್ಟು, ಬನ್ನಿಗೆ ಪ್ಲಮ್ ಜಾಮ್ ತುಂಬುತ್ತಿದ್ದಳು.

"ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ? ಇನ್ನೂ ಸರಿಯಾಗಿ ಬೆಚ್ಚಗಾಗಿಲ್ಲ ಅನ್ಸುತ್ತೆ" ಎಂದಳು ಒತೀಲಿಯಾ.

"ಏನು ಬೆಚ್ಚಗಾಗಿಲ್ಲ?"

ಒತೀಲಿಯಾ ಒಲೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಹಸಿರು ಹೆಂಚಿನ ಮೇಲಂಚಿನಲ್ಲಿ ಹಿಟ್ಟಿನ ಬೋಗುಣಿ, ಅದರ ಪಕ್ಕದಲ್ಲಿ ಉಣ್ಣೆಯ ಕಾಲುಚೀಲ. ಕಾಲುಚೀಲದೊಳಗೆ ಎರಡು ಸಿರಿಂಜ್.

ಬ್ಲಾಜೆನಾ ಮುಟ್ಟಿದಳು. ಆಗಲೇ ಸುಡುತ್ತಿತ್ತು.

"ದಿನಾ ಇಲ್ಲೇ ಇಡ್ತೀರಾ?"

"ಹೂಂ. ಆ ಹುಡ್ಗ ಕೊಟ್ಟು ಹೋದ ತಕ್ಷಣ ಇಟ್ಬಿಡ್ತೀನಿ, ಮರ್ತೋದ್ರೆ ಅಂತ. ನೀವು ಬರೋಕೆ ಸ್ವಲ್ಪ ಮುಂಚೆ ಇಳ್ಸಿ ಆರಿಸ್ತೀನಿ. ನೀವೇ ಹೇಳಿದ್ರಲ್ಲ, ತಣ್ಣಗಿದ್ರೆ ನೋಯುತ್ತೆ ಅಂತ." ಒತೀಲಿಯಾ ನಕ್ಕಳು. "ಅವತ್ತಿಂದ ಅವ್ರು ಒಂದಿನಾನೂ ಕೂಗಿಲ್ಲ ನೋಡಿ."

ಬ್ಲಾಜೆನಾ ಆ ದಿನ ಚುಚ್ಚಲಿಲ್ಲ. ಇವತ್ತಿನ ಔಷಧ ಸರಿಯಿಲ್ಲ, ನಾಳೆ ಆಸ್ಪತ್ರೆಯಲ್ಲೇ ನೋಡೋಣ ಎಂದು ಏನೋ ಹೇಳಿ ಸಿರಿಂಜ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಬಿಸಿ ಬಿಸಿ ಬನ್ನು ನಾಲ್ಕು ಕಟ್ಟಿಕೊಟ್ಟಳಂತೆ ಒತೀಲಿಯಾ.

ಮಧ್ಯಾಹ್ನ ಅವಳು ಆ ಬನ್ನಿನ ಪೊಟ್ಟಣ, ಸಿರಿಂಜ್ ಎರಡನ್ನೂ ನನ್ನ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಬುದ್ಧಿ ಇದೆಯೇನೇ ನಿಂಗೆ? ಎರಡೂವರೆ ಗಂಟೆ ಒಲೆ ಮೇಲೆ! ಆರು ತಿಂಗಳು! ನೀನು ಚುಚ್ಚಿದ್ದು ಔಷಧ ಅಲ್ಲ, ಅದರ ಹೆಣ!"

"ಗೊತ್ತು."

"ಎಷ್ಟು ದಿನ ಲೆಕ್ಕ ಹಾಕಿದ್ದೀಯಾ?"

"ಮೂವತ್ತಾರು" ಎಂದಳು. ಬಸ್ಸಿನಲ್ಲಿ ಎಣಿಸಿಕೊಂಡು ಬಂದಿದ್ದಳು.

ಬೈದು ಮುಗಿದ ಮೇಲೆ ನನಗೆ ಭಯವಾಯಿತು. ಅವಳಿಗಾಗಿ ಅಲ್ಲ, ನನಗಾಗಿ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಎನ್ನುವ ಮಾತು ನನ್ನ ಕಪಾಟಿನ ಕಡತದಲ್ಲಿತ್ತು. ಮನೆಯವರ ಕೈಗೆ ಹೋಗುವ ಲೇಬಲ್ ಬರೆದವಳು ನಾನು, ಅದರಲ್ಲಿ ಆ ಸಾಲು ಇರಲಿಲ್ಲ. ಲೇಬಲ್ ಚಿಕ್ಕದು, ಜಾಗ ಸಾಲದು ಎಂದು ಬಿಟ್ಟಿದ್ದೆ. ನರ್ಸ್‌ಗಳಿಗೆ ತರಬೇತಿ ಕೊಟ್ಟ ದಿನ ಒಂದು ಸಲ ಬಾಯಿಮಾತಿನಲ್ಲಿ ಹೇಳಿದ್ದೆ ಅಷ್ಟೆ. ಬ್ಲಾಜೆನಾ ಅದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬದಲಿಗೆ ಉಪಾಯ ಹೇಳಿಕೊಟ್ಟೆ. "ನೋಡು, ಮನೆಯವರು ಔಷಧಾನ ಸರಿಯಾಗಿ ಇಟ್ಟಿರ್ಲಿಲ್ಲ ಅಂತ ಹೇಳು. ನಿಜಾನೇ ಅಲ್ವಾ? ತುಚೆಕ್ ಮತ್ತೆ ಮೊದ್ಲಿಂದ ಶುರು ಮಾಡ್ತಾರೆ. ಹಿನೆಕ್‌ಗೂ ಒಂದು ಅವಕಾಶ ಸಿಗುತ್ತೆ, ನಿನ್ನ ಕೆಲ್ಸಾನೂ ಉಳಿಯುತ್ತೆ. ಒಲೆ ಮೇಲೆ ಇಡಿ ಅಂತ ನೀನೇನು ಹೇಳಿರ್ಲಿಲ್ಲವಲ್ಲ!"

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು.

"ಅವ್ರು ಉಳೀಲಿಲ್ಲ ಅನ್ಕೋ. ಆಮೇಲೆ ಆ ಮುದುಕಿ ಆ ಒಲೆ ಮುಂದೆ ಒಬ್ಳೇ ಕೂತ್ಕೊಂಡು, ನನ್ನ ಕೈಯಾರೆ ಗಂಡನ್ನ ಕೊಂದೆ ಅಂದ್ಕೊಂಡು ಎಷ್ಟು ವರ್ಷ ಬದುಕ್ಬೇಕು ಸ್ಲಾವ್ಕಾ?"

ಬನ್ನು ಹಾಗೇ ಉಳಿದವು, ಇಬ್ಬರೂ ಮುಟ್ಟಲಿಲ್ಲ.

ಗುರುವಾರದ ಸಭೆಗೆ ಔಷಧಾಲಯದ ಪರವಾಗಿ ನಾನೇ ಹೋಗಬೇಕಿತ್ತು. ಹಿನೆಕ್ ಹಬ್ಬದ ಕೋಟು ಹಾಕಿಕೊಂಡು ಬಂದಿದ್ದ. ಕೋಟಿನೊಳಗೆ ಅವನು ಎಷ್ಟು ಸಣ್ಣಗಾಗಿದ್ದಾನೆಂದು ಆಗ ಕಂಡಿತು. ತುಚೆಕ್ ಒಳ್ಳೆಯವರು, ಆದರೆ ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾರೆ. ಟಿಕ್ ಟಿಕ್ ಎಂದು ಸದ್ದು ಶುರುವಾಯಿತು.

"ಆರು ಸುತ್ತು ಕೊಟ್ವಿ. ಸಾಮಾನ್ಯವಾಗಿ ಇಷ್ಟರೊಳಗೆ..." ಎಂದು ಅವರು ಆರಂಭಿಸಿದರು.

"ಡಾಕ್ಟ್ರೇ" ಎಂದಳು ಬ್ಲಾಜೆನಾ. ಗೋಡೆಗೆ ಒರಗಿ ನಿಂತಿದ್ದಳು, ಕೈಗಳು ಕಂಕುಳಲ್ಲಿದ್ದವು. "ಆರು ಸುತ್ತು ಕೊಟ್ಟಿಲ್ಲ. ಎರಡೇ ದಿನ ಕೊಟ್ಟಿರೋದು."

ತುಚೆಕ್ ಪೆನ್ನು ನಿಲ್ಲಿಸಿದರು. ಅವಳು ಕಂಕುಳಿಂದ ಕೈ ತೆಗೆದು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ನೇರ ನಿಂತು ಹೇಳಿದಳು. "ಔಷಧ ತಣ್ಣಗಿದ್ರೆ ನೋಯುತ್ತೆ, ಬಿಸಿಗಿಡಿ ಅಂತ ನಾನು ಹೇಳ್ದೆ. ಎಷ್ಟು ಹೊತ್ತು, ಎಲ್ಲಿ ಅಂತ ಹೇಳ್ಲಿಲ್ಲ. ಎಂಟೂವರೆಯಿಂದ ಒಲೆ ಮೇಲೆ ಇರ್ತಿತ್ತು. ನನ್ನ ಕೈಗೆ ಬೆಚ್ಚಗೆ ಬಂದಾಗ ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಯಮ್ಮ ಮಾಡಿದ್ದು ನಾನು ಹೇಳಿದ್ದನ್ನೇ. ಅವರದ್ದೇನೂ ತಪ್ಪಿಲ್ಲ. ಎಲ್ಲ ನಂದು."

'ಬಿಸಿಗಿಡಿ' ಎಂದು ಅವಳು ಹೇಳಿರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಮೂವರು. ಬ್ಲಾಜೆನಾ, ನಾನು, ಒತೀಲಿಯಾ. ಒತೀಲಿಯಾ ಬಾಯಿ ತೆರೆದಳು, ಬ್ಲಾಜೆನಾ ಅವಳತ್ತ ತಿರುಗಿಯೂ ನೋಡಲಿಲ್ಲ. ನನ್ನ ಲೇಬಲ್ಲಿನ ಮಾತು ನನ್ನ ಗಂಟಲ ತನಕ ಬಂತು. ನುಂಗಿಕೊಂಡೆ. ಹೇಡಿತನಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಹಿನೆಕ್ ಬ್ಲಾಜೆನಾ ಹೋಗಿ ನಿಂತಿದ್ದ ಗೋಡೆಯ ಕಡೆ ತಿರುಗಿದ.

"ನಲವತ್ತು ವರ್ಷ ಒಲೆ ಕಟ್ಟಿದೀನಿ ನಾನು" ಎಂದ. "ಯಾವ ಅಂಚು ಎಷ್ಟು ಕಾಯುತ್ತೆ ಅಂತ ಕಣ್ಮುಚ್ಕೊಂಡು ಹೇಳ್ತೀನಿ. ಆ ಅಂಚಲ್ಲಿ ಮೊಟ್ಟೆ ಇಟ್ರೆ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತೆ. ನನ್ನನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು, ಸಿಸ್ಟರಮ್ಮ. ಒಂದೇ ಒಂದು ಮಾತು." ಆಮೇಲೆ ಡಾಕ್ಟರ ಕಡೆ ತಿರುಗಿ, "ಈ ಹೆಂಗಸನ್ನ ಇನ್ನು ನನ್ನ ಕಣ್ಣಿಗೆ ಬೀಳಿಸ್ಬೇಡಿ" ಎಂದ.

ಬ್ಲಾಜೆನಾ ತಾನಾಗಿಯೇ ಹೊರಗೆ ಹೋದಳು.

ತುಚೆಕ್ ಲೆಕ್ಕ ಬದಲಿಸಿದರು. ಔಷಧ ಸೋತಿಲ್ಲ, ಔಷಧ ಹೋಗಿಯೇ ಇಲ್ಲ. ಸೋಮವಾರದಿಂದ ಆಸ್ಪತ್ರೆಯಲ್ಲೇ ಹೊಸದಾಗಿ ಶುರು. "ಟೈಮ್ ಇದೆಯಾ ಡಾಕ್ಟ್ರೇ?" ಎಂದು ಒತೀಲಿಯಾ ಕೇಳಿದಳು. "ಗೊತ್ತಿಲ್ಲಮ್ಮ. ಹದಿನಾಲ್ಕಿದೆ. ಇಪ್ಪತ್ತು ದಾಟಿದ್ರೆ ಇದು ಬೇರೇನೇ ರೋಗ. ಓಡ್ಬೇಕು" ಎಂದರು.

ಮನೆಗೆ ಹೋಗಿ ಇಂಜೆಕ್ಷನ್ ಕೊಡುವ ವ್ಯವಸ್ಥೆ ಆ ವಾರವೇ ನಿಂತಿತು. ಬ್ಲಾಜೆನಾಳಿಗೆ ವಿಚಾರಣೆ ನಡೆದು, ರೋಗಿಗಳನ್ನು ಮುಟ್ಟುವ ಕೆಲಸದಿಂದ ತೆಗೆದು ನೆಲಮಾಳಿಗೆಗೆ ಹಾಕಿದರು. ವಾರ್ಡುಗಳಿಂದ ಬರುವ ರಕ್ತದ ಕೊಳವೆಗಳನ್ನು ಹೆಸರು ನೋಡಿ ಜೋಡಿಸುವ ಕೆಲಸ. ನನ್ನ ಕೋಣೆಗೂ ಅವಳ ಕೋಣೆಗೂ ಒಂದು ಗೋಡೆ ಅಡ್ಡ. ವಾರಕ್ಕೆರಡು ಸಲ 'ಸ್ಲೆಜಾಕ್ ಹಿನೆಕ್' ಎಂಬ ಕೊಳವೆ ಅವಳ ಕೈಯಿಂದಲೇ ಹೋಗುತ್ತಿತ್ತು. ಒಳಗಿನ ಲೆಕ್ಕ ಅವಳಿಗೆ ತಿಳಿಯುವಂತಿರಲಿಲ್ಲ. ನಾನು ಮೇಲೆ ಹೋಗಿ ತಿಳಿದುಕೊಂಡು ಬರುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ, ನಾನು ಹೇಳುವವರೆಗೆ ಕೈಯಲ್ಲಿದ್ದ ಕೊಳವೆಯನ್ನು ಕೆಳಗೂ ಇಡುತ್ತಿರಲಿಲ್ಲ.

ಮೊದಲ ಸುತ್ತಿನಲ್ಲಿ ಹಿನೆಕ್‌ನ ಹೊಟ್ಟೆಯ ಮೇಲೆ ಕೆಂಪು ಬರೆಗಳೆದ್ದವು. "ಎದ್ದಿದೆ ಕಣೇ, ಉಳಿದವರಿಗೆ ಎದ್ದ ಹಾಗೇ ಎದ್ದಿದೆ" ಎಂದು ಓಡಿಬಂದು ಹೇಳಿದೆ. ಎರಡನೇ ಸುತ್ತು ಮುಗಿಯುತ್ತಲೇ ಬಿಳಿಯ ರಕ್ತಕಣಗಳು ತಳ ಕಂಡು ಜ್ವರ ಏರಿತು. ಔಷಧ ಕೆಲಸ ಮಾಡುವ ಮೊದಲು ಹೀಗಾಗುವುದುಂಟು. ರೋಗ ಗೆದ್ದರೂ ಹೀಗೇ ಆಗುತ್ತದೆ. ಎರಡರಲ್ಲಿ ಯಾವುದೆಂದು ತುಚೆಕ್‌ಗೂ ಗೊತ್ತಿರಲಿಲ್ಲ. ಒಂಬತ್ತು ದಿನ ಹಿನೆಕ್ ಗಾಜಿನ ಬಾಗಿಲ ಹಿಂದೆ ಮಾತಿಲ್ಲದೆ ಬಿದ್ದಿದ್ದ. ಒತೀಲಿಯಾ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು, ಮೊದಲ ಬಾರಿಗೆ ಕೈಯಲ್ಲಿ ಕೆಲಸವಿಲ್ಲದೆ.

ಐದನೇ ದಿನ ಬ್ಲಾಜೆನಾ ಚಹಾ ತೆಗೆದುಕೊಂಡು ಅಲ್ಲಿಗೆ ಹೋದಳು. ನಾನೂ ಜೊತೆಗಿದ್ದೆ. ಒತೀಲಿಯಾ ಬೈಯುತ್ತಾಳೆ, ಬಹುಶಃ ಚಹಾವನ್ನು ಮುಖಕ್ಕೇ ಎರಚುತ್ತಾಳೆ ಎಂದುಕೊಂಡಿದ್ದೆ. ಒತೀಲಿಯಾ ಕಪ್ಪು ಇಸಕೊಂಡು ಪಕ್ಕದಲ್ಲಿಟ್ಟಳು.

"ಬಿಸಿಗಿಡಿ ಅಂತ ನೀವು ಹೇಳಿರ್ಲಿಲ್ಲ, ಸಿಸ್ಟರಮ್ಮ. ಹೊರಗಿಡಿ ಅಂದಿದ್ರಿ. ಒಲೆ ನನ್ನ ಬುದ್ಧಿ."

"ಎರಡೂ ಒಂದೇ."

"ಒಂದೇ ಅಲ್ಲ. ನಂಗೆ ಗೊತ್ತಿಲ್ವಾ?" ಒತೀಲಿಯಾ ಗಾಜಿನ ಬಾಗಿಲ ಕಡೆ ನೋಡಿದಳು. "ಅವ್ರಿಗೂ ಹೇಳ್ದೆ, ಜ್ವರ ಬರೋ ಹಿಂದಿನ ದಿನ. ನಲವತ್ತೈದು ವರ್ಷದಲ್ಲಿ ಅವ್ರ ಹತ್ರ ಏನೂ ಮುಚ್ಚಿಟ್ಟಿಲ್ಲ. ಇದನ್ನ ಇಟ್ಕೊಂಡು ನಂಗೆ ನಿದ್ದೆ ಬರ್ಲಿಲ್ಲ."

"ಏನಂದ್ರು?"

"ಏನೂ ಅನ್ಲಿಲ್ಲ. ಆಮೇಲೆ ಜ್ವರ ಬಂತು."

ಮೂವರೂ ಆ ಬೆಂಚಿನಲ್ಲಿ ಕೂತೆವು. ಅಷ್ಟೆಲ್ಲ ಕೇಳಿಯೂ ನಾನು ನನ್ನ ಲೇಬಲ್ಲಿನ ವಿಷಯ ಹೇಳಲಿಲ್ಲ. ದೊಡ್ಡ ಅಳತೆಯ ಲೇಬಲ್ ತರಿಸಿ ಮಾರ್ಚ್‌ನಿಂದಲೇ ಕೆಂಪು ಅಕ್ಷರದಲ್ಲಿ ಆ ಅರ್ಧ ಗಂಟೆಯ ಸಾಲು ಸೇರಿಸಿದ್ದೆನಲ್ಲ, ಕೆಳಗೆ ಹೋಗಿ ಅದನ್ನೇ ನೆನೆದು ಸಮಾಧಾನ ಮಾಡಿಕೊಂಡೆ. ಅಂಥ ಸಮಾಧಾನ ಮೂರು ಕಾಸಿಗೂ ಬಾಳುವುದಿಲ್ಲ.

ಹತ್ತನೇ ದಿನ ಜ್ವರ ಬಿಟ್ಟಿತು. ಮೂರನೇ ಸುತ್ತಾಯಿತು. ನಾಲ್ಕನೆಯದು ಜೂನ್ ಕೊನೆಗೆ. ಅಷ್ಟರಲ್ಲಿ ಹಿನೆಕ್‌ಗೆ ಕೊನೆಯ ಸಲ ರಕ್ತ ಹಾಕಿ ಮೂರು ವಾರವಾಗಿತ್ತು, ಮತ್ತೆ ಬೇಕಾಗಿರಲಿಲ್ಲ. ನಾಲ್ಕಾಯಿತು. ಐದಾಯಿತು. ಯಾರೂ ಆ ಮಾತು ಆಡುತ್ತಿರಲಿಲ್ಲ, ದೃಷ್ಟಿ ತಾಗೀತು ಎನ್ನುವ ಹಾಗೆ. ಜುಲೈಯಲ್ಲಿ ಮತ್ತೆ ಮಜ್ಜೆ ತೆಗೆದರು. ಫಲಿತಾಂಶ ಬರುವ ದಿನ ನಾನು ಮೂರು ಸಲ ಮೇಲೆ ಹೋಗಿ ಬಂದೆ. ನಾಲ್ಕನೇ ಸಲ ತುಚೆಕ್ ನನ್ನನ್ನು ಕಂಡು ಕಾಗದ ಎತ್ತಿ ತೋರಿಸಿದರು. ಹದಿನಾಲ್ಕಿದ್ದದ್ದು ನಾಲ್ಕು.

ಮೆಟ್ಟಿಲು ಇಳಿದದ್ದು ನೆನಪಿಲ್ಲ. "ನಾಲ್ಕು!" ಎಂದೆ. ಬ್ಲಾಜೆನಾ ಕೊಳವೆಯನ್ನು ಜೋಪಾನವಾಗಿ ಕೆಳಗಿಟ್ಟು, ಕೈಗವಸು ಬಿಚ್ಚಿ, ಗೋಡೆಗೆ ಮುಖ ಮಾಡಿ ಅತ್ತಳು. ನಾನೂ ಅತ್ತೆ. ಮುಗಿಯಿತು ಎಂದಲ್ಲ. ಈ ಔಷಧವನ್ನು ಅದು ಕೆಲಸ ಮಾಡುವಷ್ಟು ಕಾಲ ಕೊಡುತ್ತಲೇ ಇರಬೇಕು, ಒಂದು ದಿನ ಅದೂ ಸೋಲಬಹುದು. ಆದರೆ ಹಿನೆಕ್ ಬೇಸಿಗೆ ನೋಡಿದ.

ಐದನೇ ಸುತ್ತಿನ ಮೊದಲ ದಿನ ಮೇಲಿನಿಂದ ಫೋನ್ ಬಂತು. ಸ್ಲೆಜಾಕ್ ಹೊಟ್ಟೆ ತೋರಿಸುತ್ತಿಲ್ಲ, ಬ್ಲಾಜೆನಾ ಬರದಿದ್ದರೆ ಚುಚ್ಚಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಾನೆ ಎಂದು. ತುಚೆಕ್ ಒಪ್ಪಿದ್ದರು. ಸಿರಿಂಜ್‌ಗಳ ತಂಪು ಪೆಟ್ಟಿಗೆ ಹಿಡಿದು ನಾನು ಅವಳ ಜೊತೆಯಲ್ಲೇ ಹೋದೆ.

ಹಿನೆಕ್ ದಿಂಬಿಗೆ ಒರಗಿ ಕೂತಿದ್ದ. ಕೆನ್ನೆಗೆ ಬಣ್ಣ ಬಂದಿತ್ತು. ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನನ್ನ ಹೆಂಡ್ತಿ ಪಾಲಿನ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ? ನಿಮ್ಮದು ನಿಮಗೆ ಸಾಲ್ದೇ ಹೋಯ್ತಾ?"

ಬ್ಲಾಜೆನಾ ನನ್ನ ಕೈಯಿಂದ ತಂಪು ಪೆಟ್ಟಿಗೆ ತೆಗೆದುಕೊಂಡಳು.

"ಇಲ್ಲಿನ ಹುಡುಗೀರಿಗೆ ಚುಚ್ಚೋಕೆ ಬರಲ್ಲ. ನೀವೇ ಚುಚ್ಚಿ. ಆದ್ರೆ ಒಂದು ಮಾತು, ತಣ್ಣಗೇ ಚುಚ್ಬೇಕು. ಆ ಕೈನೂ ಕಂಕುಳಿಗೆ ಹಾಕ್ಕೋಬೇಡಿ, ನೋಡಿದ್ರೆ ಭಯ ಆಗುತ್ತೆ."

ಅವಳು ಸಿರಿಂಜ್ ಎತ್ತಿಕೊಂಡು, ಅಭ್ಯಾಸದಂತೆ ಲೇಬಲ್ ಓದಿದಳು. ಕೆಂಪು ಸಾಲಿನ ಹತ್ತಿರ ನಿಂತಳು. 'ಫ್ರಿಜ್‌ನಿಂದ ತೆಗೆದ ಅರ್ಧ ಗಂಟೆಯೊಳಗೆ ಕೊಡಬೇಕು. ಬಿಸಿ ಮಾಡಬಾರದು.'

"ಇದು ಮೊದ್ಲು ಇರ್ಲಿಲ್ಲ" ಎಂದಳು, ನನ್ನ ಕಡೆ ನೋಡದೆ.

"ಇರ್ಲಿಲ್ಲ" ಎಂದೆ. ಹಿನೆಕ್ ಕೇಳಿಸಿಕೊಳ್ಳುತ್ತಿದ್ದ, ಒತೀಲಿಯಾ ಕೇಳಿಸಿಕೊಳ್ಳುತ್ತಿದ್ದಳು, ಬಾಗಿಲಲ್ಲಿ ತುಚೆಕ್ ನಿಂತಿದ್ದರು. ಇನ್ನು ಸಾಕು ಎನಿಸಿತು. "ಇರ್ಬೇಕಾಗಿತ್ತು. ಜಾಗ ಇಲ್ಲ ಅಂತ ಬಿಟ್ಟವಳು ನಾನು. ಅದು ಇದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ."

ಬ್ಲಾಜೆನಾ ಸಿರಿಂಜನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ಮೂಲೆಯ ಕೈತೊಳೆಯುವ ತೊಟ್ಟಿಗೆ ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿದಳು. ಜೀವಮಾನವೆಲ್ಲ ಕಂಕುಳಲ್ಲಿ ಕಾಯಿಸಿಕೊಂಡ ಆ ಎರಡು ಕೈಗಳನ್ನು ಕೆಂಪಾಗುವವರೆಗೂ ನೀರಿನಡಿ ಹಿಡಿದಳು. ಒರೆಸಿಕೊಂಡು ಬಂದು, ತಳಕ್ಕಿಳಿದ ಪುಡಿ ಬೆರೆಯಲೆಂದು ಸಿರಿಂಜನ್ನು ಆ ತಣ್ಣನೆಯ ಅಂಗೈಗಳ ನಡುವೆ ನಾಲ್ಕು ಸಲ ಉರುಳಿಸಿ, ಚುಚ್ಚಿದಳು.

"ಅಯ್ಯೋ ಸತ್ತೆ!" ಎಂದು ಹಿನೆಕ್ ಇಡೀ ಮಹಡಿಗೆ ಕೇಳುವ ಹಾಗೆ ಕೂಗಿದ. ಒತೀಲಿಯಾ ಅವನ ಕಾಲು ಹಿಡಿದುಕೊಂಡು, "ಕೂಗ್ರಿ, ಇನ್ನೂ ಜೋರಾಗಿ ಕೂಗ್ರಿ" ಎಂದಳು.